ಗೋಡೆ ನೋಡಿದವಳು

ಅಕ್ಕ ಹಡಗಿನಿಂದ ಇಳಿದು ಬಂದ ದಿನ, ಬೆಸ್ತರು ಮೀನು ತೂಗಿ ಮಾರುವ ಮೀನುಮನೆಯಲ್ಲಿ ನನಗೆ ಕೂರಲು ಜಾಗವೇ ಇರಲಿಲ್ಲ. ಡಾಮಿನೊ ಆಡುವ ಮೇಜಿನ ಸುತ್ತ ಊರಿನ ಬೆಸ್ತರೆಲ್ಲ ಮುತ್ತಿಕೊಂಡಿದ್ದರು. ನಡುವೆ ನನ್ನಕ್ಕ ಎದುವಿಹೆಸ್, ಅರವತ್ತೊಂದು ವರ್ಷದ ಹೆಂಗಸು, ಎರಡೂ ಕೈ ಮೇಲೆತ್ತಿ ಸಮುದ್ರದಡಿಯ ಗೋಡೆಯನ್ನು ಗಾಳಿಯಲ್ಲಿ ಕಟ್ಟುತ್ತಿದ್ದಳು.

“ಚರ್ಚಿನ ಗೋಡೆ ಥರ ನೆಟ್ಟಗೆ ನಿಂತಿದೆ ಕಣ್ರೋ! ಅದ್ರ ಮೈಮೇಲೆ ಒಂದು ಅಂಗೈ ಜಾಗ ಖಾಲಿ ಇಲ್ಲ. ಹವಳದ ಮೇಲೆ ನಕ್ಷತ್ರಮೀನು, ನಕ್ಷತ್ರಮೀನಿನ ಪಕ್ಕ ಏಡಿ, ಏಡಿ ಕಾಲಡಿ ಸ್ಪಂಜು. ನಮ್ಮ ಶನಿವಾರದ ಸಂತೆ ನೋಡಿದ ಹಾಗೆ.”

ಮೀನು ತೂಗುವ ಚಾಗೊ ನನ್ನ ಕಡೆ ತಿರುಗಿ ಹಲ್ಲು ಕಿರಿದ. “ಮಿಗ್ದಕ್ಕ, ನೀವ್ಯಾಕೆ ಹೋಗ್ಲಿಲ್ಲ? ದಾರ ಹಿಡಿಯೋರ್ಗೆ ಹಡಗಲ್ಲಿ ಟಿಕೆಟ್ ಕೊಡ್ಲಿಲ್ವಾ?”

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಅವಳು ನಕ್ಕದ್ದು ನನ್ನ ಎದೆಯ ಉರಿಗೆ ಸೌದೆ ಇಟ್ಟ ಹಾಗಾಯಿತು.

ಪೋರ್ಟೊ ರಿಕೊದ ಪಶ್ಚಿಮ ದಡದಲ್ಲಿ ಹೆಂಗಸರಿಬ್ಬರೇ ನಡೆಸುವ ದೋಣಿ ನಮ್ಮದೊಂದೇ. ಇಪ್ಪತ್ತಾರು ವರ್ಷದಿಂದ ಅಕ್ಕ ಚುಕ್ಕಾಣಿ ಹಿಡಿಯುತ್ತಾಳೆ, ನಾನು ಗಾಳದ ದಾರ ಹಿಡಿಯುತ್ತೇನೆ. ಅವಳ ಕಣ್ಣು ಸದಾ ದಡದ ಕಡೆ. ಯಾವ ಗುಡ್ಡ ಯಾವ ಗೋಪುರದ ಹಿಂದೆ ಸರಿದರೆ ದೋಣಿಯ ಕೆಳಗೆ ಗೋಡೆ ಬರುತ್ತದೆ ಎಂಬುದು ಅವಳೊಬ್ಬಳಿಗೇ ಗೊತ್ತು. ದಾರಿ ತೋರುವ ಯಂತ್ರ ಇಟ್ಟುಕೊಂಡವಳಲ್ಲ. “ಯಂತ್ರಕ್ಕೆ ಹೇಳಿದ್ದು ಊರಿಗೆಲ್ಲ ಹೇಳಿದ ಹಾಗೆ” ಎನ್ನುತ್ತಾಳೆ. ನಾನೋ ತಲೆ ಎತ್ತಿ ದಡ ನೋಡಿದವಳೇ ಅಲ್ಲ. ಇನ್ನೂರು ಮಾರು ಕೆಳಗೆ, ದಾರ ಮುಳುಗಲೆಂದು ತುದಿಗೆ ಕಟ್ಟಿದ ಕಬ್ಬಿಣದ ತುಂಡು ಕೆಸರಿಗೆ ಬಿತ್ತೋ ಕಲ್ಲಿಗೆ ತಾಗಿತೋ, ನನ್ನ ಬೆರಳು ಹೇಳುತ್ತದೆ. ಕೆಂಪು ಕಾರ್ತೂಚೊ ಮೀನು ಗಾಳ ಕಚ್ಚುವ ಮುಂಚೆ ಸುಮ್ಮನೆ ಮೂಸುವುದೂ ಗೊತ್ತಾಗುತ್ತದೆ. ಗಾಳಕ್ಕೆ ಸಿಕ್ಕಿ ಮೇಲೆ ಬಂದ ಕರಿ ಹವಳದ ಕೊಂಬೆ, ಕಾಂಡದ ತುದಿಗೆ ಗರಿ ಬಿಟ್ಟ ಹೂವಿನಂಥ ಜೀವಿ, ಅಂಗೈಯಗಲದ ಚಿಪ್ಪು, ಎಲ್ಲವನ್ನೂ ಬಿಡಿಸಿ ಸಮುದ್ರಕ್ಕೆ ಮರಳಿಸಿದ್ದು ಈ ಕೈಗಳೇ. ಇಪ್ಪತ್ತಾರು ವರ್ಷ ಕತ್ತಲಲ್ಲಿ ತಡವಿದವಳು ನಾನು. ದೀಪ ಹಚ್ಚಿ ನೋಡಿ ಬಂದವಳು ಅವಳು.

ಅದಾದದ್ದು ಹೀಗೆ. ವಿಶ್ವವಿದ್ಯಾಲಯದಲ್ಲಿ ಕಡಲಜೀವಿಗಳ ಸಂಶೋಧನೆ ಮಾಡುವ ಡಾಕ್ಟರ್ ಇರಾಯ್ದಾ ಎನ್ನುವ ಹೆಂಗಸು ಮೀನುಮನೆಗೆ ಬಂದು, “ಈ ಗೋಡೆ ನಿಮ್ಮಲ್ಲಿ ಯಾರಿಗೆ ಚೆನ್ನಾಗಿ ಗೊತ್ತು?” ಎಂದು ಕೇಳಿದರು. ಅವರ ಹತ್ತಿರ ನಕ್ಷೆಯಿತ್ತು. ಆದರೆ ಅಷ್ಟುದ್ದದ ಇಳಿಜಾರಿನಲ್ಲಿ ಜೀವ ಎಲ್ಲಿ ಗುಂಪುಗೂಡಿದೆ ಎಂದು ನಕ್ಷೆ ಹೇಳುವುದಿಲ್ಲ. ನಾನು ಮೀನು ಸೀಳುತ್ತಿದ್ದೆ. ಕೈ ಒರೆಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಅಕ್ಕ “ನಂಗೆ” ಎಂದುಬಿಟ್ಟಿದ್ದಳು. ಅವರ ಹಡಗಿನಲ್ಲಿ ಖಾಲಿ ಇದ್ದದ್ದು ಒಂದೇ ಹಾಸಿಗೆ.

ಮನೆಯಲ್ಲೂ ಅದೇ ಕತೆ. ನಾವಿಬ್ಬರೂ ಒಂದೇ ಸೂರಿನಡಿ ಇರುವವರು. ಅವಳು ಮದುವೆಯಾಗಲಿಲ್ಲ, ನನ್ನ ಗಂಡ ತೀರಿಕೊಂಡ. ಅನ್ನಕ್ಕೆ ಕಾಳಿನ ಸಾರು ಸುರಿದುಕೊಳ್ಳುತ್ತ ಅವಳು ಶುರುಮಾಡುವಳು. “ಸಮತಟ್ಟು ಜಾಗ್ದಲ್ಲಿ ಏನೂ ಇಲ್ಲ ಕಣೇ. ಮೇಲಿಂದ ಕೆಸರು ಹಿಟ್ಟಿನ ಥರ ಉದುರ್ತಾನೇ ಇರುತ್ತೆ, ಎಲ್ಲಾನೂ ಹೂತು ಹಾಕುತ್ತೆ. ಗೋಡೆ ಮೇಲೆ ಕೆಸರು ನಿಲ್ಲಲ್ಲ. ನೀರು ಹರ್ಕೊಂಡು ಊಟ ತರುತ್ತೆ. ಅದಕ್ಕೇ ಎಲ್ಲಾ ಅಲ್ಲೇ ಜೋತುಬಿದ್ದಿವೆ. ಹೊರಗೆ ಚಾಚಿದ ಕಲ್ಲಿನ ಅಡಿ ಚಿಪ್ಪುಗಳು ಸಾಲಾಗಿ, ಹವಳಗಳು ತಲೆಕೆಳಗಾಗಿ...”

“ಸಾರಿಗೆ ಉಪ್ಪು ಕಮ್ಮಿಯಾಗಿದೆ” ಎಂದೆ ನಾನು.

“ನೀನೂ ನೋಡ್ಬೇಕಿತ್ತು ಕಣೇ ಮಿಗ್ದಾ.”

ಆ ಮಾತು ಅವಳು ಪ್ರೀತಿಯಿಂದಲೇ ಆಡಿದಳು. ನಾನು ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋದೆ.

ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. ಅಕ್ಕ ಎಂಜಿನ್ ರಿಪೇರಿಗೆ ಹೋಗಿದ್ದಳು. “ಬುಧವಾರ ಹಡಗು ಮತ್ತೆ ಹೊರಡ್ತಿದೆ,” ಎಂದರು ಡಾಕ್ಟರ್. “ನಿಮ್ಮಕ್ಕ ತೆಂಕಣ ಗೋಡೆ ಅಂತ ಇನ್ನೊಂದಿದೆ ಅಂದಿದ್ರು. ಅವರು ಬೆಳಗ್ಗೆ ಆರಕ್ಕೆ ಮಾಯಾಗ್ವೆಸ್ ಬಂದರಿಗೆ ಬಂದುಬಿಡ್ಲಿ. ಹೇಳ್ತೀರಾ?”

“ಹೇಳ್ತೀನಿ” ಎಂದೆ. ಹೇಳಲಿಲ್ಲ. ಬುಧವಾರ ನಸುಕಿಗೇ, ಅರೆಸೀಬೊದಲ್ಲಿರುವ ಮಗಳ ಮನೆಗೆ ಹೋಗುತ್ತೇನೆಂದು ಹೊರಟೆ. ದಾರಿಗಾಗಲಿ ಎಂದು ಅಕ್ಕ ಬಾಳೆಕಾಯಿ ಕರಿದು ಕಟ್ಟಿಕೊಟ್ಟಳು, ಮೊಮ್ಮಗುವಿಗೆಂದು ಒಂದು ಟೋಪಿಯನ್ನೂ ಇಟ್ಟಳು. ಬಸ್ಸಿನಲ್ಲಿ ಆ ಟೋಪಿಯನ್ನು ಮುಟ್ಟಲು ನನ್ನಿಂದ ಆಗಲಿಲ್ಲ.

ಬಂದರಿನಲ್ಲಿ ಡಾಕ್ಟರ್‌ಗೆ “ಅಕ್ಕನಿಗೆ ಮಂಡಿನೋವು, ನನ್ನ ಕಳಿಸಿದ್ಲು” ಎಂದೆ.

ಹಡಗು ಹೊರ ಸಮುದ್ರಕ್ಕೆ ಬಂದಾಗ ಕ್ಯಾಪ್ಟನ್ ಕೇಳಿದ, “ಇಲ್ಲಿಂದ ಯಾವ ಕಡೆ ಸೆಞೋರಾ?”

ನಾನು ದಡ ನೋಡಿದೆ. ಗುಡ್ಡಗಳು ಒಂದರ ಹಿಂದೊಂದು, ಎಲ್ಲ ಒಂದೇ ಥರ. ಇಪ್ಪತ್ತಾರು ವರ್ಷ ಆ ಗುಡ್ಡಗಳ ಎದುರೇ ಕೂತಿದ್ದೇನೆ. ಒಂದರ ಗುರುತೂ ಹತ್ತಲಿಲ್ಲ. ಆದರೂ ಕೈ ಚಾಚಿ, “ಅಲ್ಲಿ” ಎಂದೆ.

ದೀಪವೂ ಕ್ಯಾಮೆರಾವೂ ಇದ್ದ ಯಂತ್ರವನ್ನು ಇಳಿಸಿದರು. ಪರದೆಯ ತುಂಬ ಕೆಸರು. ಎರಡು ಗಂಟೆ ಹೊತ್ತು ಬರೀ ಬೂದುಬಣ್ಣದ ಬಯಲು, ಅಲ್ಲೊಂದು ಇಲ್ಲೊಂದು ತೂತು, ಒಂದು ಬಡಕಲು ಸೀಗಡಿ. ಡಾಕ್ಟರ್ ಜೊತೆಗಿದ್ದ ವಿದ್ಯಾರ್ಥಿ ಹುಡುಗಿಯರು ಆಕಳಿಸಿದರು. ಡಾಕ್ಟರ್ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದರು, “ಒಂದ್ಸಲ ನಿಮ್ಮಕ್ಕನ್ನೇ ಕೇಳೋಣ್ವಾ?” ನಾನು ಬೇಡ ಎನ್ನುವ ಮೊದಲೇ ಫೋನ್ ಹಚ್ಚಿ ಮೇಜಿನ ಮೇಲಿಟ್ಟರು. ಎಲ್ಲರಿಗೂ ಕೇಳಿಸುವ ಹಾಗೆ.

“ಎದುವಿಹೆಸ್ ಅವ್ರೆ, ಮಂಡಿನೋವು ಹೇಗಿದೆ? ನಿಮ್ಮ ತಂಗಿ ನಮ್ಮ ಹಡಗಲ್ಲೇ ಇದ್ದಾರೆ. ತೆಂಕಣ ಗೋಡೆ ಸಿಗ್ತಾ ಇಲ್ಲ.”

ಆ ಕಡೆ ಕೋಳಿ ಕೂಗಿದ್ದು ಕೇಳಿಸಿತು. ಅದು ನಮ್ಮ ಹಿತ್ತಿಲಿನ ಕೋಳಿ. ನನ್ನ ಕಿವಿ ಕಾದ ಬಾಣಲೆಯಂತಾಗಿತ್ತು.

“ಮಂಡೀನಾ?” ಎಂದಳು ಅಕ್ಕ ಕೊನೆಗೆ. “ಹೂಂ, ನೋಯ್ತಿದೆ. ಈಗ ಸ್ವಲ್ಪ ಜಾಸ್ತೀನೇ ನೋಯ್ತಿದೆ. ಅವಳನ್ನ ಕರೀರಿ.”

“ಇಲ್ಲೇ ಇದೀನಿ ಅಕ್ಕ.”

“ಕಣ್ಣಿದ್ಯಾ? ಇದ್ರೆ ದಡ ನೋಡು. ಗುಡ್ಡದ ಮೇಲಿನ ನೀರಿನ ಟ್ಯಾಂಕು ಚರ್ಚಿನ ಗೋಪುರದ ಎಡಗಿವಿಗೆ ಬರ್ಬೇಕು. ಆಮೇಲೆ ಆ ಕಡೆ ತಿರುಗಿ ದೆಸೆಚೇವೊ ದ್ವೀಪ ನೋಡು. ಅದರ ಎರಡು ನೆತ್ತಿ ಸರಿದು ಒಂದಾಗ್ಬೇಕು. ಒಂದಾದ ತಕ್ಷಣ ನಿಲ್ಸೋಕೆ ಹೇಳು. ನೀನಾಗೇ ಏನೂ ಯೋಚ್ನೆ ಮಾಡ್ಬೇಡ, ತಾಯಿ.”

ಫೋನ್ ಇಟ್ಟಳು. ಎಲ್ಲರೆದುರು ನನ್ನ ಸುಳ್ಳನ್ನು ತನ್ನ ಮೇಲೆ ಹೊದ್ದುಕೊಂಡಿದ್ದಳು. ನನಗೆ ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಗಿಂತ ಮೊದಲು ಬಂದದ್ದು ಕಿಚ್ಚು. ಒಳ್ಳೆಯವಳಾಗುವುದರಲ್ಲೂ ಅವಳೇ ಮುಂದೆ!

ಅವಳು ಹೇಳಿದಲ್ಲೇ ಗೋಡೆ ಸಿಕ್ಕಿತು. ಕತ್ತಲೊಳಗಿಂದ ಕಲ್ಲು ಎದ್ದು ಬಂತು, ಬೆಳಕು ಬಿದ್ದಲ್ಲೆಲ್ಲ ಬಣ್ಣ. ತಲೆಕೆಳಗಾಗಿ ಜೋತ ಬಿಳಿ ಹವಳಗಳು, ಅವುಗಳ ತೋಳಿಗೆ ಸುತ್ತಿಕೊಂಡ ಹಳದಿ ನಕ್ಷತ್ರಗಳು, ಗಾಜಿನ ನೂಲಿನಿಂದ ನೇಯ್ದಂಥ ಸ್ಪಂಜುಗಳು. ಬಿರುಕಿನಲ್ಲಿ ಒಂದು ಕಾರ್ತೂಚೊ ರೆಕ್ಕೆ ಆಡಿಸುತ್ತ ನಿಂತಿತ್ತು, ತನ್ನ ಮನೆಯ ಬಾಗಿಲಲ್ಲಿ ನಿಂತ ಹಾಗೆ. ನನ್ನ ಬೆರಳು ಮುಟ್ಟಿದ ಪ್ರತಿಯೊಂದಕ್ಕೂ ಮುಖವಿತ್ತು. ನಾನು ಅತ್ತೆನೇನೋ, ಪಕ್ಕದ ಹುಡುಗಿ ಕರವಸ್ತ್ರ ಕೊಟ್ಟಳು.

ಆಮೇಲೆ ಆಳೆತ್ತರದ ಹವಳವೊಂದು ಕಂಡಿತು. ಅದರ ಒಂದು ಮಗ್ಗುಲು ಮುರಿದಿತ್ತು. ಮುರಿದ ಕಡೆ ಗಾಳದ ದಾರ ಬಿಗಿಯಾಗಿ ಸುತ್ತಿಕೊಂಡು ಕೆಳಗೆ ಕಬ್ಬಿಣದ ತುಂಡು ನೇತಾಡುತ್ತಿತ್ತು. ದಾರದಲ್ಲಿ ಕೆಂಪು ನೂಲಿನ ಗಂಟು.

“ಹೋದ ಸಲವೂ ಇಂಥದ್ದೇ ಒಂದು ಸಿಕ್ಕಿತ್ತು,” ಎಂದರು ಡಾಕ್ಟರ್, “ಇದೇ ಕೆಂಪು ನೂಲು. ನಿಮ್ಮಕ್ಕನ್ನ ಕೇಳಿದ್ರೆ ನಮ್ಮೂರವರದ್ದಲ್ಲ ಅಂದ್ರು.”

ಆಳ ಎಣಿಸಲು ಹತ್ತು ಮಾರಿಗೊಂದು ಕೆಂಪು ನೂಲು ಕಟ್ಟುವುದು ನಾನು. ನಮ್ಮ ದಡದಲ್ಲಿ ಬೇರಾರೂ ಕಟ್ಟುವುದಿಲ್ಲ. ಅಕ್ಕ ಮೂರು ತಿಂಗಳು ಗೋಡೆಯ ಕತೆಯೆಲ್ಲ ಹೇಳಿದ್ದಳು, ಇದೊಂದನ್ನು ಬಿಟ್ಟು.

“ನಂದು,” ಎಂದೆ. “ಆ ಗಂಟು ನಂದೇ.”

ನಿಜ ಹೇಳಿದ್ದು ದೊಡ್ಡತನದಿಂದಲ್ಲ. ಅಕ್ಕ ಮುಚ್ಚಿಟ್ಟದ್ದನ್ನು ನಾನು ಬಿಚ್ಚಿ ಹೇಳಿದೆ ಎನ್ನಿಸಿಕೊಳ್ಳುವ ಆಸೆಯಿಂದ. ಡಾಕ್ಟರ್ ಬೈಯಲಿಲ್ಲ. ಇಂಥ ಹವಳ ಅಷ್ಟೆತ್ತರ ಬೆಳೆಯಲು ನೂರಾರು ವರ್ಷ ಬೇಕು ಎಂದಷ್ಟೇ ಹೇಳಿ ಏನನ್ನೋ ಬರೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದಾಗ ಅಕ್ಕ ಅಡುಗೆಮನೆಯಲ್ಲಿದ್ದಳು. ತಿರುಗಿ ನೋಡಲಿಲ್ಲ. ಒಂಬತ್ತು ದಿನ ನನ್ನೊಡನೆ ಮಾತಾಡಲಿಲ್ಲ. ಹೇಳಬೇಕಾದ್ದನ್ನು ಚಾಗೊನಿಗೆ ಹೇಳುವಳು, “ನಿಮ್ಮ ಹಡಗಿನ ಮೇಡಂಗೆ ಐಸು ತರೋಕೆ ಹೇಳಪ್ಪ.” ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಹತ್ತನೆಯ ದಿನ ದೋಣಿಯಲ್ಲಿ ನಾನೇ ಬಾಯಿಬಿಟ್ಟೆ.

“ಕೆಂಪು ನೂಲು ನೋಡ್ದೆ ಅಕ್ಕ. ನಂದೇ ಅಂತ ಹೇಳಿಬಿಟ್ಟೆ.”

“ಹೇಳ್ಬಿಟ್ಯಾ?” ಅವಳು ನಿಟ್ಟುಸಿರಿಟ್ಟಳು. “ನೀನು ಕೊರಗ್ತೀಯ ಅಂತ ನಾನು ಬಾಯಿ ಮುಚ್ಕೊಂಡಿದ್ದೆ. ನೀನು ನೋಡಿದ್ರೆ ಮದ್ವೆ ಮನೇಲಿ ಮುಯ್ಯಿ ಓದಿಸಿದ ಹಾಗೆ ಎಲ್ಲರೆದುರೂ ಹೇಳ್ ಬಂದೆ.”

“ಹೊಟ್ಟೆ ಉರೀತಿತ್ತು ಅಕ್ಕ.”

“ಗೊತ್ತು. ಸಾರಿನ ಉಪ್ಪಲ್ಲೇ ಗೊತ್ತಾಗಿತ್ತು.” ದಡ ನೋಡುತ್ತಲೇ ಕೇಳಿದಳು, “ತೆಂಕಣ ಗೋಡೇಲಿ ಏನೇನಿತ್ತು?”

ಹೇಳಿದೆ. ಹಳದಿ ನಕ್ಷತ್ರಗಳ ಮಾತು ಬಂದಾಗ ಅವಳ ಮುಖ ಬಿಗಿಯಿತು. “ಹಳದೀನಾ? ನಾನು ನೋಡಿದ್ರಲ್ಲಿ ಅದಿರ್ಲಿಲ್ಲ.” ಎಷ್ಟಿದ್ದವು, ಎಷ್ಟು ದೊಡ್ಡವು ಎಂದು ಮೂರು ಸಲ ಕೇಳಿದಳು. ನಾನು ಒಂದೊಂದು ಸಲವೂ ಅವನ್ನು ಒಂದಿಷ್ಟು ದೊಡ್ಡದು ಮಾಡಿ ಹೇಳಿದೆ.

ಆ ಹವಳ ಇರುವ ಜಾಗದಲ್ಲಿ ನಾವು ಮತ್ತೆ ಗಾಳ ಬಿಡಲಿಲ್ಲ. ಬೇರೆ ಕಡೆಯೂ ಕಬ್ಬಿಣದ ತುಂಡನ್ನು ತೆಳು ನೂಲಿನಲ್ಲಿ ಕಟ್ಟುತ್ತೇನೆ. ಕಲ್ಲಿಗೆ ಸಿಕ್ಕಿದರೆ ಅದೊಂದೇ ಹರಿದುಹೋಗುತ್ತದೆ, ಉದ್ದ ದಾರ ನನ್ನ ಕೈಗೆ ವಾಪಸು ಬರುತ್ತದೆ.

ಮರುವರ್ಷ ಡಾಕ್ಟರ್ ತಮ್ಮ ವರದಿ ಕಳಿಸಿದರು. ಎರಡು ಗೋಡೆಗಳ ಮೇಲೆ ನೂರಾಹದಿನೇಳು ಬಗೆಯ ಜೀವಿಗಳು, ನಾಲ್ಕಕ್ಕೆ ಇನ್ನೂ ಹೆಸರಿಲ್ಲ. ಕೊನೆಯ ಪುಟದಲ್ಲಿ ಕೃತಜ್ಞತೆ: “ಎರಡೂ ಯಾನಗಳಲ್ಲಿ ದಾರಿ ತೋರಿಸಿದ ಎದುವಿಹೆಸ್ ಅವರಿಗೆ.” ನನ್ನ ಹೆಸರಿಲ್ಲ. ಬರೆದದ್ದರಲ್ಲಿ ತಪ್ಪೂ ಇಲ್ಲ. ಚಾಗೊ ಆ ಪುಟಕ್ಕೆ ಚೌಕಟ್ಟು ಹಾಕಿಸಿ ಮೀನುಮನೆಯಲ್ಲಿ ತಕ್ಕಡಿಯ ಮೇಲೆ ತೂಗುಹಾಕಿದ್ದಾನೆ. ಅದು ಕಣ್ಣಿಗೆ ಬೀಳದಿರಲೆಂದು ನಾನು ಈಗ ಅಲ್ಲಿನ ಕಾಫಿಯನ್ನು ಹೊರಗೆ ನಿಂತೇ ಕುಡಿಯುತ್ತೇನೆ.