ಫ್ರಾನ್ಸಿನ ಕೆಸರು ತೋಡಿದ ಸಲಿಕೆ

ನಾನು ಒಂದು ಸಲಿಕೆ. ಪುಣೆಯ ಹತ್ತಿರ ಖಡಕಿಯ ದಂಡಿನ ಕುಲುಮೆಯೊಂದರಲ್ಲಿ ಹುಟ್ಟಿದೆ. ಕೆಂಪಗೆ ಕಾಯಿಸಿದ ತಗಡನ್ನು ಬಡಿದು ನನಗೆ ಮೈ ಕೊಟ್ಟರು, ಜಾಲಿ ಮರದ ಹಿಡಿ ಕೂಡಿಸಿದರು. ಆ ವರ್ಷ ಕುಲುಮೆಯ ಬೆಂಕಿ ಆರಿದ್ದೇ ಇಲ್ಲ. ನನ್ನಂಥವು ಗೋಡೆಯುದ್ದಕ್ಕೂ ಮಾಡು ಮುಟ್ಟುವಷ್ಟು ಪೇರಿಸಿಟ್ಟಿದ್ದವು. ಯುದ್ಧ ಎಂಬ ಮಾತು ಇನ್ನೂ ಯಾರ ಬಾಯಲ್ಲೂ ಬಂದಿರಲಿಲ್ಲ. ಇಷ್ಟೊಂದು ಸಲಿಕೆಗಳು ತೋಡುವಷ್ಟು ಮಣ್ಣು ಎಲ್ಲಿದೆಯೋ ಎಂದು ನನಗೆ ಸೋಜಿಗ.

ನನ್ನನ್ನು ಮೊದಲು ಹೆಗಲಿಗೇರಿಸಿದವನು ಸಿದರಾಯ. ಕೃಷ್ಣಾ ನದಿಯ ದಂಡೆಯ ಊರಿನವನು, ಬಾವಿ ತೋಡುವ ಮನೆತನ. ಪಲ್ಟನ್ನಿನಲ್ಲಿ ಅವನ ಕೆಲಸವೂ ಅದೇ, ತೋಡುವುದು. ಅವನ ಜೊತೆಗೆ ಯಾವಾಗಲೂ ದಾವಲಸಾಬ ಇರುತ್ತಿದ್ದ. ಇಬ್ಬರದೂ ಒಂದೇ ಓಣಿ. ದಂಡಿನ ಬ್ಯಾಂಡಿನ ಸದ್ದಿಗೆ ಮರುಳಾಗಿ ದಾವಲಸಾಬ ಹೆಸರು ಬರೆಸಿದ್ದ. ಅವನ ತಾಯಿ ಅಳುತ್ತ ಸಿದರಾಯನ ಕೈಹಿಡಿದು, "ಇಂವನ್ನ ಒಬ್ಬನ್ನ ಬಿಡಬ್ಯಾಡಪಾ" ಅಂದಿದ್ದಳು. ಸಿದರಾಯ ಬಿಡಲಿಲ್ಲ, ತಾನೂ ಬಂದ.

ಯುದ್ಧ ಶುರುವಾಗಿ ಫ್ರಾನ್ಸಿಗೆ ಹೊರಟೆವು. ಹಡಗಿನ ಅಟ್ಟದ ಮೇಲೆ ಸಿದರಾಯ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚುತ್ತಿದ್ದಾಗ ದಾವಲಸಾಬ ಕೇಳಿದ, "ಅಲ್ಲೋ ಸಿದ್ರಾಯಾ, ಇದು ಯಾರ ಜಗಳ?"

"ಯಾವುದೋ ಊರಾಗ ಒಬ್ಬ ರಾಜಕುಮಾರಂಗ ಒಬ್ಬ ಹುಡುಗ ಗುಂಡ ಹೊಡದನಂತ. ರಾಜಕುಮಾರನ ಮಂದಿ ಆ ಹುಡುಗನ ಬೆನ್ನಿಗಿದ್ದ ಸಣ್ಣ ರಾಜ್ಯದ ಮ್ಯಾಲ ಏರಿ ಹೋದರು. ಸಣ್ಣದಕ್ಕ ದೊಡ್ಡದೊಂದು ಆಸರಾ ಇತ್ತು. ಆ ದೊಡ್ಡದಕ್ಕ ಇನ್ನೊಂದು ವೈರಿ. ಆ ವೈರಿ, ಜರ್ಮನ್ ಮಂದಿ, ನಡುವಿನ ಯಾರದೋ ಹೊಲ ತುಳದು ಫ್ರಾನ್ಸಿಗೆ ನುಗ್ಗಿದರು. ಅದಕ್ಕ ನಮ್ಮ ಸಾಹೇಬರಿಗೂ ಸಿಟ್ಟು ಬಂತು."

"ಒಬ್ಬನ ಬದುವಿನ ಜಗಳಕ್ಕ ಊರೆಲ್ಲಾ ಬಡಿಗಿ ಹಿಡದಂಗಾತು. ಖರೆ, ಇದರಾಗ ನಮ್ಮದು ಯಾವ ಬದು?"

ಸಿದರಾಯ ನನ್ನ ಮೈಗೆ ಮತ್ತೊಮ್ಮೆ ಎಣ್ಣೆ ಹಚ್ಚಿದ.

ಫ್ರಾನ್ಸಿನ ಉತ್ತರದ ಆ ಬಯಲು ನೆಲವಾಗಿರಲಿಲ್ಲ, ಅಂಬಲಿಯಾಗಿತ್ತು. ಎಷ್ಟು ತೋಡಿದರೂ ಅಷ್ಟೇ ಕುಸಿಯುತ್ತಿತ್ತು. ಕಂದಕದಲ್ಲಿ ಮೊಣಕಾಲಿನವರೆಗೆ ಮಂಜಿನ ನೀರು. ನೆನೆದು ಬಾತ ಕಾಲುಗಳು ಬೂಟಿನಿಂದ ಹೊರಬರುತ್ತಿರಲಿಲ್ಲ, ಬೂಟನ್ನೇ ಸೀಳಬೇಕಿತ್ತು. ಇಲಿಗಳು ಮಲಗಿದವರ ಎದೆಯ ಮೇಲೆ ಓಡಾಡುತ್ತಿದ್ದವು. ಎದುರಿನ ಜರ್ಮನ್ ಕಂದಕ ಎಷ್ಟು ಹತ್ತಿರವಿತ್ತೆಂದರೆ ಅಲ್ಲಿ ಕೆಮ್ಮಿದ್ದು ನಮಗೆ ಕೇಳುತ್ತಿತ್ತು. ದಾವಲಸಾಬ ಎತ್ತರದ ಆಳು. ಮರೆತು ನೆಟ್ಟಗೆ ನಿಂತನೆಂದರೆ ತಲೆ ಗುಂಡಿಗೆ ಗುರಿ. ದಿನವಿಡೀ ಸಿದರಾಯನದು ಒಂದೇ ಮಾತು: "ತಲಿ ಬಗ್ಗಸಲೇ!"

ಕೈಕೈ ಮಿಲಾಯಿಸುವ ಕಾಳಗಕ್ಕೆಂದು ನನ್ನ ಅಂಚನ್ನು ಕಲ್ಲಿಗೆ ಮಸೆದಿದ್ದರು. ಮಣ್ಣಿಗಾಗಿ ಹುಟ್ಟಿದ ನನಗೆ ಆ ಹರಿತ ಹಿತವಾಗಿರಲಿಲ್ಲ.

ಒಂದು ಮುಂಜಾನೆ, ಮಂಜು ಇನ್ನೂ ಕರಗದಿದ್ದಾಗ, ನೆಲ ಒಮ್ಮೆ ಉಸಿರು ಎಳೆದುಕೊಂಡಂತಾಯಿತು. ಆಮೇಲೆ ನಮ್ಮ ಮುಂದಿನ ಕಂದಕವೇ ಆಕಾಶಕ್ಕೆ ಹಾರಿತು. ಜರ್ಮನ್ನರು ನೆಲದಡಿ ಸುರಂಗ ಕೊರೆದು ಸಿಡಿಮದ್ದು ತುಂಬಿದ್ದರು. ದಾವಲಸಾಬ ಅಲ್ಲೇ ಕಾವಲಿದ್ದ. ಹೊಗೆಯ ನಡುವೆ ಜರ್ಮನ್ ಸಿಪಾಯಿಗಳು ನುಗ್ಗಿ ಬಂದರು. ಅಷ್ಟರಲ್ಲಿ ತೋಪಿನ ಗುಂಡೊಂದು ಬಿದ್ದು ಉಳಿದ ಗೋಡೆಯೂ ಅವರ ಮೇಲೆಯೇ ಕುಸಿಯಿತು.

ಸಿದರಾಯ ನನ್ನನ್ನು ಹಿಡಿದು ತೆವಳಿಕೊಂಡು ಹೋದ. "ದಾವಲ್ಯಾ! ಏ ದಾವಲ್ಯಾ!" ಮಣ್ಣಿನಡಿಯಿಂದ ಟಕ್ ಟಕ್ ಎಂಬ ಸದ್ದು ಮಾತ್ರ. ಅವನು ಹುಚ್ಚನಂತೆ ತೋಡಿದ. ಬಂದೂಕಿನ ಗುಂಡೊಂದು ನನ್ನ ಮೂಲೆಯ ಚೂರನ್ನೇ ಹಾರಿಸಿಕೊಂಡು ಹೋಯಿತು. ಕೊನೆಗೆ ಬಟ್ಟೆ ಕಂಡಿತು. ಖಾಕಿಯಲ್ಲ, ಬೂದು ಬಣ್ಣ.

ನಡುವಯಸ್ಸಿನ ಜರ್ಮನ್. ಮೀಸೆಯ ತುಂಬ ಕೆಸರು, ಎದೆಯವರೆಗೆ ಮಣ್ಣು. ಸಿದರಾಯ ನನ್ನನ್ನು ತಲೆಯ ಮೇಲಕ್ಕೆತ್ತಿದ. ಆ ಮನುಷ್ಯ ಕಣ್ಣು ಮುಚ್ಚಲಿಲ್ಲ, ನನ್ನ ಅಂಚನ್ನೇ ನೋಡುತ್ತಿದ್ದ.

ಆಗ ಇನ್ನೂ ಕೆಳಗಿನಿಂದ ಕ್ಷೀಣವಾದ ದನಿ: "ಯಾ ಅಲ್ಲಾ..."

ಸಿದರಾಯ ನನ್ನನ್ನು ಇಳಿಸಿ ಜರ್ಮನ್ನನ ಪಕ್ಕದ ಮಣ್ಣನ್ನು ಎಳೆಯತೊಡಗಿದ. ದಾವಲಸಾಬನ ಮುಖ ಕಂಡಿತು, ಭುಜ ಕಂಡಿತು. ಆದರೆ ಕಾಲಿನ ಮೇಲೆ ಕಂದಕದ ದಪ್ಪ ತೊಲೆ ಬಿದ್ದಿತ್ತು. ಸಿದರಾಯ ನನ್ನನ್ನು ಬದಿಗಿಟ್ಟು ಎರಡೂ ಕೈಯಿಂದ ತೊಲೆ ಎತ್ತಲು ನೋಡಿದ. ಅದು ಅಲುಗಲಿಲ್ಲ.

ಅಷ್ಟರಲ್ಲಿ ಯಾರೋ ನನ್ನನ್ನು ಎತ್ತಿಕೊಂಡರು. ಮಣ್ಣಿನಿಂದ ಬಿಡಿಸಿಕೊಂಡು ಎದ್ದ ಆ ಜರ್ಮನ್. ಸಿದರಾಯನ ಬಾಗಿದ ಕುತ್ತಿಗೆ ನನ್ನ ಅಂಚಿನ ನೇರ ಕೆಳಗಿತ್ತು. ದಾವಲಸಾಬ ಅದನ್ನು ಕಂಡ. ಮಣ್ಣಿನಡಿ ಸಿಕ್ಕಿದ ಕೈ ಎಳೆದುಕೊಳ್ಳಲು ಒದ್ದಾಡಿದ. ಹಿಡಿದವನ ಕೈಯ ವಸ್ತು ನಾನು, ಬೇಡ ಎನ್ನಲು ನನಗೆ ಬಾಯಿಲ್ಲ.

ಜರ್ಮನ್ ನನ್ನನ್ನು ತೊಲೆಯ ಕೆಳಗೆ ತೂರಿಸಿ, ತನ್ನ ಮೈಭಾರವನ್ನೆಲ್ಲ ಹಿಡಿಯ ಮೇಲೆ ಹಾಕಿದ. ಜಾಲಿಯ ಹಿಡಿ ಚಟಚಟ ಸೀಳಿತು. ತೊಲೆ ಗೇಣಷ್ಟು ಎದ್ದಿತು. ಸಿದರಾಯ ಗೆಳೆಯನನ್ನು ಹೊರಗೆಳೆದ.

"ನನ್ನ ಕಾಲ ಐತೇನೋ ಸಿದ್ರಾಯಾ? ನೋಡಿ ಹೇಳೋ."

"ಐತಿ. ನೀ ಸುಮ್ನಿರು." ಅವನು ಹೇಳಿದ್ದು ಅರ್ಧ ಸುಳ್ಳು. ಮೊಣಕಾಲಿನ ಕೆಳಗೆ ಏನೂ ಸರಿಯಾಗಿ ಉಳಿದಿರಲಿಲ್ಲ.

ನಮ್ಮ ಸಿಪಾಯಿಗಳು ಸಂಗೀನು ಸಿಕ್ಕಿಸಿದ ಬಂದೂಕು ಹಿಡಿದು ಬಂದಾಗ ಜರ್ಮನ್ ಇನ್ನೂ ನನ್ನ ಮೇಲೆ ಒರಗಿ ಏದುಸಿರು ಬಿಡುತ್ತಿದ್ದ. ಸಿದರಾಯ ಅಡ್ಡ ನಿಂತು ಕೂಗಿದ, "ಹೊಡೀಬ್ಯಾಡ್ರಿ! ಇಂವಾ ನಮ್ಮಂವನ್ನ ಉಳಿಸ್ಯಾನ!" ಬಂದವರು ಪಂಜಾಬಿನವರು, ಕನ್ನಡ ತಿಳಿಯದು. ಆದರೆ ಅವನು ನಿಂತ ರೀತಿ ತಿಳಿಯಿತು. ಜರ್ಮನ್ನನನ್ನು ಕೊಲ್ಲದೆ ಸೆರೆಯಾಗಿ ಕರೆದೊಯ್ದರು. ಹೋಗುವಾಗ ಅವನು ತಿರುಗಿ ಏನೋ ಹೇಳಿದ. ಸಿದರಾಯನಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದ.

ದಾವಲಸಾಬನ ಕಾಲು ಕತ್ತರಿಸಿದರು. ಅವನು ಬದುಕಿದ, ಊರಿನ ಹಡಗು ಹತ್ತಿದ ಎಂದು ಆಸ್ಪತ್ರೆಯಿಂದ ಮರಳಿದವನೊಬ್ಬ ಬಂದು ಹೇಳಿದ ದಿನ ಸಿದರಾಯ ಕಂದಕದ ಗೋಡೆಗೆ ಮುಖ ಒತ್ತಿ ಬಹಳ ಹೊತ್ತು ಅತ್ತ. ಸೀಳಿದ ನನ್ನ ಹಿಡಿಗೆ ತಂತಿ ಸುತ್ತಿ ಮತ್ತೊಂದು ವರ್ಷ ನನ್ನಿಂದ ತೋಡಿದ. ಆಮೇಲೆ ಅವನ ಪಲ್ಟನ್ನನ್ನು ಬಸ್ರಾಕ್ಕೆ, ಇನ್ನೊಂದು ರಣಕ್ಕೆ, ಕಳಿಸಿದರು. ನನ್ನನ್ನೂ ಉಳಿದ ಮುರುಕು ಸಾಮಾನುಗಳನ್ನೂ ಒಂದು ಹಾಳುಬಿದ್ದ ಕೊಟ್ಟಿಗೆಯಲ್ಲಿ ಬಿಟ್ಟು ಹೊರಟರು. ಅಲ್ಲಿಂದಾಚೆಗೆ ಅವನು ಏನಾದನೋ ನನಗೆ ತಿಳಿಯದು.

ಆ ಕೊಟ್ಟಿಗೆ ಮಾರ್ತ್ ಎಂಬ ರೈತ ಹೆಂಗಸಿನದು. ಯುದ್ಧ ನಿಂತ ಮೇಲೆ ಅವಳು ಮರಳಿ ಬಂದಾಗ ಮನೆಯ ಮಾಡು ಹಾರಿಹೋಗಿತ್ತು, ಹೊಲದ ತುಂಬ ಗುಂಡು ಬಿದ್ದ ಕುಳಿಗಳು. ಅವಳು ನನ್ನ ತುಕ್ಕು ತಿಕ್ಕಿ ಹೊಸ ಹಿಡಿ ಹಾಕಿಸಿದಳು. ಕಂದಕಗಳನ್ನು ಅವಳೊಡನೆ ನಾನೇ ಮುಚ್ಚಿದೆ. ಆಲೂಗಡ್ಡೆ ಅಗೆದೆ, ಬೀಟ್‌ರೂಟ್ ಕಿತ್ತೆ. ಹಲವು ಸುಗ್ಗಿಗಳು ಹೀಗೇ ಕಳೆದವು. ಒಂದು ವಸಂತದಲ್ಲಿ ಅವಳು ನನ್ನನ್ನು ಕಾಲಿನಿಂದ ಒತ್ತಿದಾಗ ಠಣ್ ಎಂದಿತು. ಕಲ್ಲಿನ ಸದ್ದಲ್ಲ. ಮಾರ್ತ್ ಕಲ್ಲಾದಳು. ನನ್ನ ಅಂಚಿನಡಿಯಲ್ಲಿ ಸಿಡಿಯದ ತೋಪಿನ ಗುಂಡು, ಮಲಗಿದ ಹಂದಿಮರಿಯಂತೆ. ಅವಳು ನನ್ನನ್ನು ಅಲುಗಿಸದೆ ಹಿಡಿ ಬಿಟ್ಟು, ಒಂದೊಂದೇ ಹೆಜ್ಜೆ ಹಿಂದೆ ಹಿಂದೆ ನಡೆದಳು. ಸಿಪಾಯಿಗಳು ಬಂದು ಗುಂಡು ಒಯ್ಯುವವರೆಗೂ ನಾನು ಅದಕ್ಕೆ ತಗಲಿಕೊಂಡೇ ನಿಂತಿದ್ದೆ.

ಅಂದಿನಿಂದ ಅವಳು ನನ್ನನ್ನು ನೆಲಕ್ಕೆ ತಾಗಿಸಿಲ್ಲ. ಈಗ ನಾನು ಸವೆದು ಅರ್ಧವಾಗಿ ಹಸುಗಳ ಹಿಂದೆ, ಬೆಚ್ಚಗಿನ ಮೂಲೆಯಲ್ಲಿದ್ದೇನೆ. ಯುದ್ಧ ಮುಗಿದ ದಿನ ಚರ್ಚಿನ ಗಂಟೆ ಸಂಜೆಯವರೆಗೂ ಮೊಳಗಿತಂತೆ. ನೆಲದ ಮೇಲಿರುವವರಿಗೆ ಅದು ಮುಗಿದಿರಬಹುದು. ಪ್ರತಿ ವಸಂತದಲ್ಲಿ ನೇಗಿಲು ಹೊಲಕ್ಕಿಳಿದಾಗ ಮಾರ್ತ್ ಬಾಗಿಲಲ್ಲಿ ನಿಂತು, ಉಸಿರು ಬಿಗಿಹಿಡಿದು, ಮತ್ತೆ ಠಣ್ ಎಂದೀತೇ ಎಂದು ಕಿವಿಗೊಡುತ್ತಾಳೆ. ಮೂಲೆಯಿಂದ ನಾನೂ ಕಿವಿಗೊಡುತ್ತೇನೆ.