ವಾಸನೆ ಬರುವ ತನಕ

ನಾನು ಹುಟ್ಟಿದ್ದು ನೀರಿಗಲ್ಲ, ಬಣ್ಣಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನನ್ನನ್ನು ನೋಡಿದವರೆಲ್ಲ ನೆಲ ಒರೆಸುವ ಬಕೆಟ್ಟು ಎಂದು ಕಾಲಿನಿಂದ ಅತ್ತ ಸರಿಸುತ್ತಾರೆ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತುಂಬಿ ನನ್ನನ್ನು ಹೊರಗೆ ತೆಗೆದಾಗ ನಾನು ಹಾಲಿನಷ್ಟು ಬೆಳ್ಳಗಿದ್ದೆ. ಯಾರೋ ಒಂದು ತಂತಿಯ ಹಿಡಿಕೆ ತಂದು ನನ್ನ ಎರಡೂ ಕಿವಿಗೆ ಸಿಕ್ಕಿಸಿದರು. ಅದು ಒಂದು ಬದಿಗೆ ಸ್ವಲ್ಪ ಸಡಿಲ. ಅಂದಿನಿಂದ ಯಾರಾದರೂ ಪಕ್ಕದಲ್ಲಿ ನಡೆದರೂ ಸಾಕು, ನಾನು ಕಿಣಿಕಿಣಿ ಎನ್ನುತ್ತೇನೆ. ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ.

ನನ್ನೊಳಗೆ ತಿಳಿಹಳದಿ ಬಣ್ಣ ತುಂಬಿ, ಮುಚ್ಚಳ ಬಿಗಿದು, ಗದಗಿಗೆ ಕಳಿಸಿದರು. ಮಾಬುಸಾಬ ಎಂಬ ಪೇಂಟರ್ ನನ್ನನ್ನು ಹೊತ್ತುಕೊಂಡು ಬಸಲಿಂಗವ್ವನ ಮನೆಗೆ ಬಂದ. ಗೋಡೆಗಳು ಹಳದಿಯಾದವು, ನಾನು ಖಾಲಿಯಾದೆ. ಆಗ ಶುರುವಾಯಿತು ನೋಡಿ ನನಗಾಗಿ ಜಗಳ! ಬಣ್ಣ ತೀರಿದ ಡಬ್ಬಿ ಪೇಂಟರ್‌ನದೋ ಮನೆಯವರದೋ ಎಂಬ ವ್ಯಾಜ್ಯ ಪ್ರತಿ ಮನೆಯಲ್ಲೂ ನಡೆಯುವಂಥದ್ದೇ.

“ಖಾಲಿ ಬಕೀಟ ನಮಗ ಸೇರೂದ್ರಿ ಯವ್ವಾ, ಎಲ್ಲಾ ಕಡೆ ಹಂಗ ಐತಿ” ಎಂದ ಮಾಬುಸಾಬ.

“ಗ್ವಾಡಿ ನಂದು, ಬಣ್ಣ ನಂದು, ಬಕೀಟ ಹೆಂಗಪಾ ನಿಂದಾತು? ಚಾ ಕುಡಿ, ಬಕೀಟ ಇಟ್ಟು ಹೋಗು.”

ಅವನು ನಗುತ್ತ ಚಹಾ ಕುಡಿದು ಹೋದ. ನಾನು ಉಳಿದೆ. ನನಗಾಗಿ ಇಬ್ಬರು ಹೊಡೆದಾಡಿದ್ದು ಅದೇ ಮೊದಲು, ಅದೇ ಕೊನೆ.

ನೆಲದ ಮೇಲಿರುವ ನನಗೆ ಮನುಷ್ಯರು ಮೊದಲು ಪಾದಗಳಾಗಿಯೇ ಪರಿಚಯ. ಒಡೆದ ಹಿಮ್ಮಡಿ, ದಪ್ಪ ಕಾಲುಂಗುರ ಎಂದರೆ ಬಸಲಿಂಗವ್ವ. ಅವಸರದಲ್ಲಿ ಹೊಸ್ತಿಲಿಗೆ ಎಡವುವ ಪಾದ ಸೊಸೆ ಸುವರ್ಣಾಳದು. ಸದಾ ಚಪ್ಪಲಿ ಮೆಟ್ಟಿಕೊಂಡು ಹೊರಡುವ ಅವಸರದಲ್ಲಿರುವುದು ಮಗ ಈರಣ್ಣನದು. ನಡೆಯುವ ಬದಲು ಕುಣಿಯುವ ಎರಡು ಪುಟ್ಟ ಪಾದ ಮೊಮ್ಮಗಳು ಸೃಷ್ಟಿಯದು. ಅವಳು ಅಜ್ಜಿಯನ್ನು ಆಯಿ ಎಂದು ಕರೆಯುತ್ತಿದ್ದಳು.

ಬಸಲಿಂಗವ್ವನ ಮೂಗು ಓಣಿಗೇ ಪ್ರಸಿದ್ಧ. ಬೇಸಿಗೆಯಲ್ಲಿ ವರ್ಷದ ಮಸಾಲೆ ಖಾರ ಮಾಡುವಾಗ ಹೆಂಗಸರು ಅವಳನ್ನು ಕರೆದುಕೊಂಡು ಹೋಗಿ ಒಲೆಯ ಮುಂದೆ ಕೂರಿಸುತ್ತಿದ್ದರು. ಅವಳು ಕಣ್ಣು ಮುಚ್ಚಿ, ಮೂಗು ಅರಳಿಸಿ, “ಹೂಂ, ಇಳಸ್ರಿ” ಎಂದರೆ ಇಳಿಸಬೇಕು. ಒಂದು ಗಳಿಗೆ ಹಿಂದಿಲ್ಲ, ಮುಂದಿಲ್ಲ. ನನ್ನ ನೀರಿಗೂ ಅವಳ ಮೂಗೇ ಅಳತೆ. ಸೈಕಲ್ ಮೇಲೆ ಕ್ಯಾನು ಕಟ್ಟಿಕೊಂಡು ಬರುವವನಿಂದ ಫಿನಾಯಿಲ್ ತೆಗೆದುಕೊಂಡು, ಬಾಟಲಿಯ ಮುಚ್ಚಳದಲ್ಲಿ ಒಂಚೂರು ಹಾಕಿ, ಬಗ್ಗಿ ಮೂಸಿ, ಸಾಕು ಎನ್ನುತ್ತಿದ್ದಳು. ನೆಲ ಒರೆಸಿದ ಮೇಲೆ ಕಿಟಕಿಯಿಂದ ಗದಗಿನ ಗಾಳಿ ಬೀಸಿ ಬಂದು ಎಲ್ಲವನ್ನೂ ಒಯ್ದುಬಿಡುತ್ತಿತ್ತು. ಅವು ನನ್ನ ಒಳ್ಳೆಯ ದಿನಗಳು.

ಒಂದು ಚಳಿಗಾಲ ಬಸಲಿಂಗವ್ವನಿಗೆ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ಹೋಗುವಾಗ ಅವಳ ಮೂಗನ್ನು ಹೊತ್ತುಕೊಂಡು ಹೋಯಿತು. ಈ ಸಂಗತಿ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ತಿಳಿದದ್ದು ನನಗೆ ಮಾತ್ರ. ಮೊದಲ ದಿನ ಅವಳು ಮುಚ್ಚಳದಷ್ಟು ಹಾಕಿ, ನನ್ನ ಬಾಯಿಗೆ ಮುಖ ತಂದು ಮೂಸಿದಳು. ಮತ್ತೆ ಮೂಸಿದಳು. “ಏನೂ ಬರವಲ್ದು” ಎಂದು ತನಗೆ ತಾನೇ ಹೇಳಿಕೊಂಡಳು. ಇನ್ನೊಂದು ಮುಚ್ಚಳ ಹಾಕಿದಳು. ಮೂಸಿದಳು. ಬಾಟಲಿಯನ್ನೇ ಬಗ್ಗಿಸಿದಳು. ನೀರು ಹಾಲಿನ ಹಾಗೆ ಬೆಳ್ಳಗೆ ತಿರುಗಿ, ನನ್ನ ಪಕ್ಕೆಗಳು ಉರಿಯತೊಡಗಿದ ಮೇಲೆ ಅವಳ ಮೂಗಿಗೆ ಏನೋ ಚುರ್ರೆಂದಿತು. “ಈಗ ಬಂತು ನೋಡು” ಎಂದು ಸಮಾಧಾನದಿಂದ ಅರಿವೆ ಅದ್ದಿದಳು.

ಫಿನಾಯಿಲ್ ಸರಿಯಿಲ್ಲವೆಂದು ಅವಳು ಸೈಕಲ್ಲಿನವನಿಗೆ ಬೈದಳು. ಅವನು ಗುಲಾಬಿ ಬಣ್ಣದ್ದೊಂದು, ಲಿಂಬೆಯ ವಾಸನೆಯದೊಂದು ಕೊಟ್ಟುಹೋದ. ಅವಳು ಎಲ್ಲವನ್ನೂ ಬೆರೆಸಿದಳು. ಬಂದವರು “ಏನ್ ಘಮಘಮಾ ಅಂತೈತ್ರಿ ನಿಮ್ಮನಿ!” ಎಂದಾಗ ಅವಳ ಮುಖ ಅರಳುತ್ತಿತ್ತು. ತನಗೆ ಸಿಗದ ಪರಿಮಳದ ಸಾಕ್ಷಿಯನ್ನು ಅವಳು ಅವರ ಬಾಯಿಂದ ಕೇಳಿ ಪಡೆಯುತ್ತಿದ್ದಳು. ಗಾಳಿಗೆ ಘಮ ಹಾರಿಹೋಗುತ್ತದೆಂದು ಕಿಟಕಿಗಳನ್ನೂ ಹಾಕಿಬಿಟ್ಟಳು. ದಿನವೂ ಅದೇ ಗಾಳಿಯಲ್ಲಿದ್ದ ಮನೆಮಂದಿಯ ಮೂಗು ಆ ಘಾಟಿಗೆ ಒಗ್ಗಿಹೋಯಿತು.

ಅದೇ ದಿನಗಳಲ್ಲಿ ಸೃಷ್ಟಿ ಶಾಲೆಯಿಂದ ಬರುತ್ತ ಲಂಗದಲ್ಲಿ ಸುತ್ತಿಕೊಂಡು ಒಂದು ಬೆಕ್ಕಿನ ಮರಿ ತಂದಳು. ಬಿಳಿ ಮೈಮೇಲೆ ಅಲ್ಲಲ್ಲಿ ಹಳದಿ ಚುಕ್ಕೆ, ಖಾರ ಹಚ್ಚಿದ ಚುರಮುರಿಯಂತೆ. ಹೆಸರೂ ಅದೇ ಆಯಿತು. ಚುರಮುರಿ ಅವಳ ಹಾಸಿಗೆಯಲ್ಲೇ ಮಲಗಿತು, ಅವಳ ತಟ್ಟೆಯ ಪಕ್ಕದಲ್ಲೇ ಉಂಡಿತು. ನನ್ನ ಹಿಡಿಕೆಯನ್ನು ಕಂಡರೆ ಅದಕ್ಕೆ ಎಲ್ಲಿಲ್ಲದ ಆಟ. ಅದು ಪಂಜದಿಂದ ಹೊಡೆಯುವುದು, ನಾನು ಕಿಣಿಕಿಣಿ ಎನ್ನುವುದು. ಅಷ್ಟು ದಿನ ನನ್ನ ಸದ್ದಿಗೆ ಬೈಗುಳವನ್ನಷ್ಟೇ ಕೇಳಿದ್ದ ನಾನು ಆ ಮರಿಗೆ ಸೋತುಹೋದೆ.

ಕೆಲವು ವಾರಗಳಲ್ಲೇ ಸೃಷ್ಟಿಗೆ ಕೆಮ್ಮು ಹತ್ತಿತು. ಆಮೇಲೆ ಉಸಿರಾಡಿದರೆ ಎದೆಯಲ್ಲಿ ಸೀಟಿ ಊದಿದಂತೆ ಸದ್ದು. ಡಾಕ್ಟರ ಬಳಿ ಹೋಗಿ ಬಂದ ಸುವರ್ಣಾ ಅತ್ತೆಗೆ ವರದಿ ಒಪ್ಪಿಸಿದಳು: “ಅಲರ್ಜಿ ಅಂದಾರ್ರೀ ಅತ್ತಿ. ಧೂಳಾ, ಬೆಕ್ಕಿನ ಕೂದ್ಲಾ, ಘಾಟು ವಾಸನಿ, ಇವೆಲ್ಲಾ ದೂರ ಇಡ್ರಿ ಅಂತ ಹೇಳ್ಯಾರ.”

“ನಮ್ಮನ್ಯಾಗ ಧೂಳ ಎಲ್ಲಿ ಐತಿ? ಘಾಟ ಎಲ್ಲಿ ಐತಿ? ದಿನಾ ಘಮಘಮಾ ಅನ್ನೂ ಹಂಗ ಒರಸ್ತೀನಿ” ಎಂದಳು ಬಸಲಿಂಗವ್ವ.

“ಹಂಗಾರ ಬೆಕ್ಕ ಉಳೀತು” ಎಂದ ಈರಣ್ಣ. “ಗಿರಣಿ ಶೇಖಪ್ಪಗ ಇಲಿ ಹಿಡಿಯಾಕ ಬೆಕ್ಕ ಬೇಕಾಗೇತಂತ. ಕೊಟ್ಟ ಬಿಡೂಣು.”

ಸೃಷ್ಟಿ ಬೆಕ್ಕನ್ನು ಅವಚಿಕೊಂಡು ಅಳತೊಡಗಿದಳು. ಅಳು ಕೆಮ್ಮಾಯಿತು, ಕೆಮ್ಮು ಸೀಟಿಯಾಯಿತು. ನಾನು ಮೂಲೆಯಲ್ಲಿ ನಿಂತು ಕಿಣಿಗುಟ್ಟಿದೆ. ನನ್ನ ಕಡೆ ನೋಡಿ, ನನ್ನೊಳಗೆ ನೋಡಿ! ಯಾರು ಕೇಳುತ್ತಾರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಜನ.

ಬಸಲಿಂಗವ್ವ ಮೊಮ್ಮಗಳ ಕಣ್ಣೀರು ನೋಡಲಾರದೆ ಮಗನ ಮುಂದೆ ಪಟ್ಟು ಹಿಡಿದಳು. “ಬೆಕ್ಕ ಹೋದ್ರ ಕೂಸು ಊಟಾ ಬಿಡತೈತಿ. ಒಂದ್ ಕೂದ್ಲ ನೆಲದಾಗ ಉಳೀದಂಗ ನಾ ನೋಡ್ಕೋತೀನಿ. ಸ್ವಲ್ಪ ದಿವಸ ತಡಿ.” ಮಗ ತಡೆದ. ಅಂದಿನಿಂದ ಮುಂಜಾನೆ ಒಂದು ಸಲ ಒರೆಸುತ್ತಿದ್ದ ನೆಲವನ್ನು ಸಂಜೆಗೂ ಒರೆಸತೊಡಗಿದಳು. ಮೊಣಕಾಲು ನೋವಿದ್ದರೂ ಮಂಚದ ಕೆಳಗೆ ನುಗ್ಗಿ, ಒಂದೊಂದೇ ಬಿಳಿ ಕೂದಲು ಹುಡುಕಿ ತೆಗೆಯುತ್ತಿದ್ದಳು. ಎಷ್ಟು ಪ್ರೀತಿಯೋ ಅಷ್ಟು ಫಿನಾಯಿಲ್. ಅವಳನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದೆ ನಾನು ಒದ್ದಾಡುತ್ತಿದ್ದೆ.

ಒದ್ದೆ ನೆಲದ ಮೇಲೆ ಓಡಾಡಿದ ಚುರಮುರಿ ಆಮೇಲೆ ಕೂತು ತನ್ನ ಪಂಜ ನೆಕ್ಕುತ್ತಿತ್ತು. ನೆಕ್ಕುವುದು ಬೆಕ್ಕಿನ ಸ್ನಾನ, ಅದಕ್ಕೇನು ಗೊತ್ತು? ಬಾಯಿಂದ ಜೊಲ್ಲು ಸುರಿಯಿತು. ಉಂಡದ್ದನ್ನು ಕಕ್ಕಿತು. ಒಂದು ಮಧ್ಯಾಹ್ನ ನೀರಡಿಸಿ ಬಂದು ನನ್ನ ಅಂಚಿಗೆ ಎರಡೂ ಮುಂಗಾಲು ಇಟ್ಟು ನಿಂತಿತು. ಒಳಗೆ ಆ ಬೆಳ್ಳನೆಯ ನೀರು. ಬೇಡ, ಬೇಡ ಮಾರಾಯಾ! ನನ್ನ ಜೀವವೇ ಬಾಯಿಗೆ ಬಂತು. ಅದರ ಭಾರಕ್ಕೆ ಸಡಿಲ ಹಿಡಿಕೆ ಜಾರಿ ನನ್ನ ಪಕ್ಕೆಗೆ ಟಣ್ಣೆಂದು ಬಡಿಯಿತು. ಬೆಕ್ಕು ಬೆಚ್ಚಿ ಹಾರಿ ಓಡಿತು. ಆ ಸಡಿಲ ಹಿಡಿಕೆಯನ್ನು ನಾನು ಮತ್ತೆಂದೂ ಶಪಿಸಲಿಲ್ಲ.

ಬೆಕ್ಕು ಕಕ್ಕಿದ್ದನ್ನು ಕಂಡ ಈರಣ್ಣನ ತಾಳ್ಮೆ ಮುಗಿಯಿತು. “ರೋಗದ ಬೆಕ್ಕ ಇದು” ಎಂದು ಚೀಲದಲ್ಲಿ ಹಾಕಿಕೊಂಡು ಗಿರಣಿಗೆ ಒಯ್ದ. ಬಾಗಿಲಲ್ಲಿ ನಿಂತ ಪುಟ್ಟ ಪಾದಗಳು ಕುಣಿಯುವುದನ್ನು ಮರೆತವು. ಬಸಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಬೆಕ್ಕರೆ ಹೋತು, ಕೂಸರೆ ಆರಾಮಾಗ್ಲಿ” ಎಂದು ಇಡೀ ಮನೆಯನ್ನು ಮೂಲೆ ಮೂಲೆಯೂ ಬಿಡದೆ ಒರೆಸಿದಳು. ಬಾಟಲಿಗಳೆಲ್ಲ ಖಾಲಿಯಾದವು.

ಮರುದಿನವೇ ಮಗುವಿಗೆ ಉಸಿರು ಸಿಗದಾಯಿತು. ತುಟಿ ಬಣ್ಣಗೆಟ್ಟಿತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಮನೆಯಲ್ಲಿ ಉಳಿದದ್ದು ನಾನು ಮತ್ತು ದೇವರ ಮುಂದೆ ಕೈಮುಗಿದು ಕೂತ ಬಸಲಿಂಗವ್ವ. ಗಾಳಿಯಿಲ್ಲದ ಮನೆಯಲ್ಲೂ ನನ್ನ ಹಿಡಿಕೆ ನಡುಗುತ್ತಿತ್ತು ಎಂದರೆ ನೀವು ನಂಬಲಾರಿರಿ.

ಆಸ್ಪತ್ರೆಯಲ್ಲಿ ಹುಡುಗಿ ಚೇತರಿಸಿಕೊಂಡಳು, ನಗುತ್ತಲೇ ಮನೆಗೆ ಬಂದಳು. ಒಳಗೆ ಕಾಲಿಟ್ಟು ಸ್ವಲ್ಪ ಹೊತ್ತಾಗಿರಲಿಲ್ಲ, ಮತ್ತೆ ಕೆಮ್ಮು. ಸುವರ್ಣಾ ಕಂಗಾಲಾದಳು. “ಬೆಕ್ಕೂ ಇಲ್ಲ, ಧೂಳೂ ಇಲ್ಲ. ಮತ್ತ ಮನ್ಯಾಗ ಏನೈತಿ?” ಎಂದು ಗೋಡೆಗಳನ್ನು ಕೇಳುವಂತೆ ಕೇಳಿದಳು. ಮಗುವನ್ನು ಕರೆದುಕೊಂಡು ಹಿತ್ತಲಿನ ಕಟ್ಟೆಯ ಮೇಲೆ ಕೂತಳು. ಒಳಗೆ ಬಸಲಿಂಗವ್ವ ಆ ವರ್ಷದ ಖಾರಕ್ಕೆಂದು ಹವೀಜ, ಅಂದರೆ ಕೊತ್ತಂಬರಿ ಬೀಜ, ಹುರಿಯುತ್ತಿದ್ದಳು. ಕೈ ಸೌಟಿನಲ್ಲಿತ್ತು, ಕಣ್ಣು ಹಿತ್ತಲಲ್ಲಿ ಕೂತ ಮೊಮ್ಮಗಳ ಎದೆಯ ಮೇಲಿತ್ತು.

ಹವೀಜ ಕೆಂಪಾಯಿತು, ಕಂದಾಯಿತು, ಕಪ್ಪಾಯಿತು. ಹೊಗೆ ಎದ್ದಿತು. ಅವಳು ಸೌಟಾಡಿಸುತ್ತಲೇ ಇದ್ದಳು. ಒಲೆಯ ಪಕ್ಕದಲ್ಲಿದ್ದ ನನಗೆ ಆ ಕರಕು ವಾಸನೆ ತಡೆಯಲಾಗಲಿಲ್ಲ.

ಹಿತ್ತಲಿಂದ ಸುವರ್ಣಾ ಓಡಿಬಂದಳು. “ಅತ್ತೀ! ಹವೀಜ ಸುಟ್ಟು ಕರಕಾತಲ್ರೀ! ಹಿತ್ಲಾಗ ಕುಂತ ನಮಗ ವಾಸನಿ ಬಂತು, ಮುಂದ ಕುಂತ ನಿಮಗ ಬರಲಿಲ್ಲೇನ್ರೀ?”

ಬಸಲಿಂಗವ್ವ ಬಾಣಲೆ ನೋಡಿದಳು. ಓಣಿಯ ಮೂಗು ಅವಳು. ಸುವರ್ಣಾ ಒಲೆ ಆರಿಸಿದಳು. ಆಮೇಲೆ ಅತ್ತೆಯ ಮುಖವನ್ನೇ ನೋಡುತ್ತ ನಿಂತಳು. ಅಲ್ಲಿಂದ ಅವಳ ಕಣ್ಣು ಮೆಲ್ಲಗೆ ಇಳಿದು ನನ್ನ ಮೇಲೆ ಬಿತ್ತು. ಸೈಕಲ್ಲಿನವನಿಂದ ಮತ್ತೆ ಕೊಂಡ ಫಿನಾಯಿಲ್ ಸುರಿದು ಸಂಜೆಗೆಂದು ಕಲಸಿಟ್ಟ ನೀರು ನನ್ನೊಳಗೆ ಬೆಳ್ಳಗೆ ನಿಂತಿತ್ತು. ಅವಳು ಬಗ್ಗಿ ಮೂಸಿದಳು, ಹೊಡೆತ ತಿಂದವಳಂತೆ ಹಿಂದೆ ಸರಿದಳು, ಕಣ್ಣಲ್ಲಿ ನೀರು ಬಂತು.

“ಅತ್ತೀ, ಇದಕ್ಕ ಎಷ್ಟು ಹಾಕ್ತೀರಿ?”

“ವಾಸನಿ ಬರೂತನಾ” ಎಂದಳು ಬಸಲಿಂಗವ್ವ.

ಆ ಮಾತು ಆಡಿದ ಮೇಲೆ ಅದರ ಅರ್ಥ ಅವಳಿಗೇ ಹೊಳೆಯಿತು. ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. “ಜ್ವರ ಬಂದು ಹೋದಾಗಿಂದ ಏನೂ ಬರವಲ್ದು, ಸುವರ್ಣಾ. ಓಣಿ ಮಂದಿಗೆ ಏನಂತ ಹೇಳ್ಲಿ? ಹಂಗಾರ ಕೂಸಿನ ಉಸುರಿಗೆ ಬೆಕ್ಕಲ್ಲ, ನಾನಽ ಕುತ್ತು ತಂದ್ನ್ಯಾ?”

ಸೊಸೆ ಅಬ್ಬರಿಸುತ್ತಾಳೆಂದು ನಾನು ಹೆದರಿದೆ. ಅವಳು ಅತ್ತೆಯ ಭುಜ ಹಿಡಿದು ಕೂರಿಸಿದಳು. “ನೀವು ಹೇಳಿದ್ರ ನಾ ನಿಮ್ಮ ಮೂಗಾಗ್ತಿದ್ದೆ ಅತ್ತಿ” ಎಂದಳು. ಹಾಗೆನ್ನುತ್ತ ತಾನೂ ಅತ್ತಳು. ಆಮೇಲೆ ನನ್ನನ್ನು ಎತ್ತಿಕೊಂಡು ಹೋಗಿ ಬಚ್ಚಲಿನಲ್ಲಿ ಸುರಿದಳು, ಕಿಟಕಿಗಳನ್ನೆಲ್ಲ ತೆರೆದಳು. ಎಷ್ಟೋ ತಿಂಗಳಿಂದ ಹೊರಗೆ ಕಾಯುತ್ತಿದ್ದ ಗಾಳಿ ಮನೆಯೊಳಗೆ ನುಗ್ಗಿ ಕ್ಯಾಲೆಂಡರನ್ನು ಹಾರಿಸಿತು.

ಡಾಕ್ಟರು ಎಲ್ಲ ಕೇಳಿ, ನೆಲಕ್ಕೆ ಬರೀ ನೀರು ಸಾಕು, ಜಿಡ್ಡಿದ್ದರೆ ವಾಸನೆಯಿಲ್ಲದ ಸೋಪು ಸ್ವಲ್ಪ ಹಾಕಿ ಎಂದರಂತೆ. ಬೆಕ್ಕಿನ ಕೂದಲೂ ಒಳ್ಳೆಯದಲ್ಲ, ಆದರೆ ಹಿತ್ತಲಲ್ಲಿರಲಿ, ಮಗುವಿನ ಹಾಸಿಗೆಗೆ ಬರುವುದು ಬೇಡ, ನೋಡೋಣ ಎಂದರಂತೆ. ಈರಣ್ಣ ಅಂದೇ ಗಿರಣಿಗೆ ಹೋದ. ಚುರಮುರಿ ಮೈಯೆಲ್ಲ ಜೋಳದ ಹಿಟ್ಟು ಮೆತ್ತಿಕೊಂಡು ದುಂಡಗಾಗಿ ಮರಳಿತು. ಜೊಲ್ಲಿಲ್ಲ, ವಾಂತಿಯಿಲ್ಲ. ಸೃಷ್ಟಿಯ ಎದೆಯ ಸೀಟಿ ಪೂರ್ತಿ ಹೋಗಿಲ್ಲ, ಸ್ಕೂಲ್ ಬ್ಯಾಗಿನಲ್ಲಿ ಇನ್‌ಹೇಲರ್ ಇರುತ್ತದೆ. ಆದರೆ ಪಾದಗಳು ಮತ್ತೆ ಕುಣಿಯುತ್ತಿವೆ.

ನನ್ನ ಕಥೆ? ನನ್ನ ಮೈಯ ವಾಸನೆ ತೆಗೆಯಲು ಬಸಲಿಂಗವ್ವ ಕುದಿಯುವ ನೀರು ಸುರಿದಳು. ಹಳೆಯ ಪ್ಲಾಸ್ಟಿಕ್ಕು, ತಳ ಸೀಳಿತು. ಗುಜರಿಗೆ ಹೋಗಬೇಕಾದವನನ್ನು ಸೃಷ್ಟಿ ಹಿತ್ತಲಿನ ಕಟ್ಟೆಯ ಮೇಲೆ ಅಡ್ಡ ಮಲಗಿಸಿ, ಗೋಣಿತಟ್ಟು ಹಾಸಿ, ಬೆಕ್ಕಿನ ಮನೆ ಎಂದು ಹೆಸರಿಟ್ಟಳು. ಬೆಕ್ಕು ಒಪ್ಪಬೇಕಲ್ಲ? ದಿನಾ ಬರುತ್ತಿತ್ತು, ನನ್ನ ಬಾಯಿಗೆ ಮೂಗು ತಂದು, ಮುಖ ಸಿಂಡರಿಸಿ ಹೋಗುತ್ತಿತ್ತು. ಕುಡಿದ ವಿಷವನ್ನು ಪ್ಲಾಸ್ಟಿಕ್ಕು ಬೇಗ ಬಿಡುವುದಿಲ್ಲ. ಬೇಸಿಗೆಯ ಬಿಸಿಲು ಕಾಯಿಸಿತು, ಗಾಳಿ ತೂರಿತು, ನಾನು ಹಗಲೆಲ್ಲ ಕಿಣಿಗುಡುತ್ತ ಕಾದೆ. ನನ್ನಿಂದ ಆ ವಾಸನೆ ಹೋಗುವುದೇ ಇಲ್ಲವೇನೋ ಎಂಬ ಭಯ ನನ್ನನ್ನು ತಿಂದುಹಾಕಿತು.

ಒಂದು ಮುಂಜಾನೆ ಬಸಲಿಂಗವ್ವ ಮೊಣಕಾಲೂರಿ ನನ್ನ ಮುಂದೆ ಕೂತಳು. “ಬಾರವ್ವಾ, ನಿನ್ನ ಮೂಗಿಲೆ ಒಂಚೂರು ನೋಡು” ಎಂದು ಮೊಮ್ಮಗಳನ್ನು ಕರೆದಳು.

ಸೃಷ್ಟಿ ತಲೆಯನ್ನೇ ನನ್ನೊಳಗೆ ತೂರಿಸಿದಳು. ಉದ್ದಕ್ಕೆ ಉಸಿರೆಳೆದಳು. ನಾನು ಮೈ ಬಿಗಿಹಿಡಿದು ಕಾದೆ. ಕೆಮ್ಮಿಲ್ಲ. ಸೀಟಿಯಿಲ್ಲ.

“ಏನೂ ವಾಸನಿ ಇಲ್ಲ ಆಯಿ.”

ಬಸಲಿಂಗವ್ವ ತಾನೂ ಬಗ್ಗಿ, ಮೊದಲಿನ ಹಾಗೆ ಕಣ್ಣು ಮುಚ್ಚಿ, ಮೂಗು ಅರಳಿಸಿ ಮೂಸಿದಳು. “ಹೌದವ್ವಾ” ಎಂದಳು. “ನನಗೂ ಏನೂ ಬರವಲ್ದು.”

ಇಬ್ಬರೂ ನಕ್ಕರು. ಆ ನಗೆಯ ನಡುವೆ ಚುರಮುರಿ ಬಂದು ನನ್ನನ್ನು ಮೂಸಿತು, ಒಳಗೆ ಕಾಲಿಟ್ಟಿತು, ಒಂದು ಸುತ್ತು ತಿರುಗಿ ಗೋಣಿತಟ್ಟಿನ ಮೇಲೆ ಮಲಗಿತು. ಹಿತ್ತಲಲ್ಲಿ ಗಾಳಿ ಜೋರಾಗಿಯೇ ಇತ್ತು. ಆದರೂ ನನ್ನ ಹಿಡಿಕೆ ಅಲುಗಲಿಲ್ಲ. ಬೆಕ್ಕು ಅದರ ಮೇಲೆ ತನ್ನ ಪಂಜ ಇಟ್ಟುಕೊಂಡಿತ್ತು.