ಅರಿಶಿನ ಮೆತ್ತಿಕೊಂಡ ವರ್ಕ್‌ಶಾಪ್

ಭಾರ್ಗವ ಮಾತಾಡುವುದು ಕಡಿಮೆ. ಇದು ತನ್ನ ಆಳ ಎಂದು ಅವನು ತಿಳಿದಿದ್ದ. ಸೋಮಾರಿತನ ಎಂದು ಹೆಂಡತಿ ಮಾಳವಿಕಾ ತಿಳಿದಿದ್ದಳು. ಇಂಗ್ಲೆಂಡಿನ ಸಟನ್‌ನ ಮಾಡೆಲ್ ರೈಲು ಕ್ಲಬ್ಬಿಗೆ ಸೇರಿ ಎರಡು ವರ್ಷವಾಗಿದ್ದರೂ, ಅಲ್ಲಿನ ದೊಡ್ಡ ಮೇಜಿನ ಮೇಲೆ ಹರಡಿದ್ದ ಪುಟ್ಟ ರೈಲುಲೋಕದಲ್ಲಿ ಅವನ ಕೈಯಿಂದಾದ ಒಂದು ಸಿಗ್ನಲ್ ಕಂಬವೂ ಇರಲಿಲ್ಲ. ಬುಧವಾರ ಸಂಜೆ ಹೋಗುವುದು, ಎಲ್ಲರಿಗೂ ಟೀ ಮಾಡಿಕೊಡುವುದು, ಮುಗುಳ್ನಕ್ಕು ವಾಪಸು ಬರುವುದು.

"ನಿಮ್ಮನ್ನ ಕೇಟರಿಂಗ್‌ನವರು ಅಂದ್ಕೊಂಡಿರ್ತಾರೆ ರೀ," ಎಂದಿದ್ದಳು ಮಾಳವಿಕಾ.

ಹಾಗಿರುವಾಗ ಕ್ಲಬ್ಬಿನ ಅಧ್ಯಕ್ಷ ಟ್ರೆವರ್ ಒಂದು ದಿನ, "ಈ ಸಲದ ಪ್ರದರ್ಶನಕ್ಕೆ ಇಂಜಿನ್ ರಿಪೇರಿ ವರ್ಕ್‌ಶಾಪ್ ಯಾರು ಕಟ್ಟುತ್ತೀರಿ?" ಎಂದು ಕೇಳಿದ. ಎಲ್ಲರೂ ತಲೆ ತಗ್ಗಿಸಿದರು. ಭಾರ್ಗವನ ತಲೆ ಸಮಯಕ್ಕೆ ಸರಿಯಾಗಿ ತಗ್ಗಲಿಲ್ಲ. ಕೆಲಸ ಅವನ ಪಾಲಿಗೆ ಬಂತು. ಚೆನ್ನಾಗಿ ಬಂದರೆ ಮೇಜಿನ ಮುಂದಿನ ಸಾಲಿನಲ್ಲಿ ಜಾಗ. ಎಂ.ಎಸ್ಸಿ. ಸೀಟಿಗೆ ಕಾದ ಮೇಲೆ ಅವನು ಬೇರೇನನ್ನೂ ಇಷ್ಟು ಆಸೆಪಟ್ಟಿರಲಿಲ್ಲ.

ರಟ್ಟಿನ ಗೋಡೆಗೆ ಇಟ್ಟಿಗೆಯ ಗೆರೆ ಕೊರೆದ. ಕಿಟಕಿಗೆ ಗಾಜು ಕೂರಿಸಿ, ಒಂದನ್ನು ಬೇಕೆಂದೇ ಸೀಳಿದ. ಒಳಗೆ ಕಡಲೆಕಾಳಿನಷ್ಟು ದೊಡ್ಡ ಲೇತ್, ನೆಲದ ಮೇಲೆ ಚೆಲ್ಲಿದ ಎಣ್ಣೆಯ ಕಲೆ. ಎಲ್ಲ ಸರಿ, ಆದರೆ ಕಟ್ಟಡ ಮದುಮಗನ ಹಾಗೆ ಹೊಸದಾಗಿ ಹೊಳೆಯುತ್ತಿತ್ತು. ರೈಲುಪ್ರಿಯರಿಗೆ ಹೊಸದು ಆಗುವುದಿಲ್ಲ. ಮಸಿ ಬೇಕು, ತಗಡಿನ ಚಾವಣಿಗೆ ತುಕ್ಕು ಬೇಕು. ತುಕ್ಕಿನ ಬಣ್ಣದ ಪುಡಿ ಮುಗಿದಿತ್ತು. ಆಗ ದೇವರ ಗೂಡಿನಲ್ಲಿ ಕುಂಕುಮದ ಭರಣಿ ಕಂಡಿತು. ಅರಿಶಿನಕ್ಕೆ ಸುಣ್ಣ ಬೆರೆಸಿ ಅತ್ತೆ ಮೈಸೂರಿನಲ್ಲಿ ಮನೆಯಲ್ಲೇ ಮಾಡಿ ಕಳಿಸಿದ್ದು. ಇಷ್ಟು ಒಳ್ಳೆಯ ತುಕ್ಕನ್ನು ಮನೆಯಲ್ಲಿಟ್ಟುಕೊಂಡು ಅಂಗಡಿಗೆ ಹೋಗುವುದೇ? ಚಾವಣಿಗೆ ಉದುರಿಸಿ, ನಿಲ್ಲಲೆಂದು ನೀರು ಬೆರೆಸಿದ ಬಿಳಿ ಅಂಟನ್ನು ಸಿಂಪಡಿಸಿ, ಕಾಫಿ ಕುಡಿದು ಬಂದ.

ಚಾವಣಿ ಹಳದಿಯಾಗಿತ್ತು.

ಅಂಟಿನಲ್ಲಿ ಹುಳಿಯಿರುತ್ತದೆ. ಹುಳಿ ಸುಣ್ಣವನ್ನು ಕೊಂದರೆ ಅರಿಶಿನ ತನ್ನ ಬಣ್ಣಕ್ಕೆ ಮರಳುತ್ತದೆ. ಹೈಸ್ಕೂಲು ಮಕ್ಕಳಿಗೂ ಗೊತ್ತಿರುವ ಈ ಸಂಗತಿ, ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಊರವರ ರಕ್ತದ ಆಮ್ಲ ಅಳೆಯುವ ಭಾರ್ಗವನಿಗೆ ಹೊಳೆದಿರಲಿಲ್ಲ.

ಮಾಳವಿಕಾ ಇಣುಕಿದಳು. "ಯಾರ ಮದುವೆ ರೀ?"

"ಏನು?"

"ಅರಿಶಿನ ಶಾಸ್ತ್ರ ಆಗಿದೆಯಲ್ಲ!" ಆಮೇಲೆ ಭರಣಿ ನೋಡಿದಳು. "ದೇವರ ಕುಂಕುಮಾನಾ? ಇರಿ, ಅಮ್ಮನಿಗೆ ಹೇಳ್ತೀನಿ." ಹೊಟ್ಟೆ ಹಿಡಿದುಕೊಂಡು ನಕ್ಕು, ಕೊನೆಗೆ ಕನಿಕರದಿಂದ, "ಆರತಿ ನೀರು ಕೆಂಪಾಗೋದು ಹೇಗೆ? ಅರಿಶಿನಕ್ಕೆ ಸುಣ್ಣ ಹಾಕಿ ತಾನೆ? ಮನೇಲಿ ಸುಣ್ಣ ಇಲ್ಲ, ಅಡುಗೆ ಸೋಡಾ ಹಚ್ಚಿ ನೋಡಿ," ಎಂದಳು.

ಹಚ್ಚಿದ. ಅಲ್ಲಲ್ಲಿ ಕೆಂಪಾಯಿತು, ಉಳಿದದ್ದು ಹಳದಿಯಾಗಿಯೇ ಉಳಿಯಿತು. ಅದೇ ಸಂಜೆ ಕ್ಲಬ್ಬು.

ಟ್ರೆವರ್ ಕಟ್ಟಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇಂಟರೆಸ್ಟಿಂಗ್," ಎಂದ. ಈ ದೇಶದಲ್ಲಿ ಆ ಮಾತಿನ ಅರ್ಥ ‘ಚೆನ್ನಾಗಿಲ್ಲ’ ಎಂದೇ ಎಂದು ಭಾರ್ಗವನಿಗೆ ಚೆನ್ನಾಗಿ ಗೊತ್ತಿತ್ತು.

"ಹಿಂದೆ, ಗುಡ್ಡದ ಮರೆಗೆ ಇಟ್ಟರೆ ಹೇಗೆ?" ಎಂದ ಟ್ರೆವರ್.

ಮೌನಕ್ಕೆ ಹೇಳಿ ಮಾಡಿಸಿದ ಗಳಿಗೆ. ಸುಮ್ಮನಿದ್ದರೆ ಒಪ್ಪಿಗೆಯೂ ಆಗುತ್ತಿತ್ತು, ಗಾಂಭೀರ್ಯವೂ ಉಳಿಯುತ್ತಿತ್ತು. ಆದರೆ ಆ ಮೌನದೊಳಗೆ ಕೈಹಾಕಿ ತಡಕಿದರೆ ಅವನಿಗೆ ಗಾಂಭೀರ್ಯ ಸಿಗಲಿಲ್ಲ, ಬರೀ ಪುಕ್ಕಲುತನ ಸಿಕ್ಕಿತು.

"ಬೇಡ," ಎಂದ.

ಬೇಡ ಎಂದ ಮೇಲೆ ಕಾರಣ ಹೇಳಬೇಕಾಯಿತು. ಕಾರಣಕ್ಕೆ ಕುಂಕುಮ ಬೇಕಾಯಿತು, ಕುಂಕುಮಕ್ಕೆ ದೇವಿ, ದೇವಿಗೆ ಅತ್ತೆ. ಕತೆ ಸೋಡಾ ಹಚ್ಚುವಲ್ಲಿಗೆ ಬರುವ ಹೊತ್ತಿಗೆ ಎಲ್ಲರ ಟೀ ಆರಿ, ಟ್ರೆವರ್ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ.

"ಈ ಮಾತೆಲ್ಲ ಎಲ್ಲಿಟ್ಟಿದ್ದೆಯಯ್ಯಾ ಇಷ್ಟು ದಿನ? ಮುಂದಿನ ಸಾಲಿನಲ್ಲೇ ಇಡು. ಆದರೆ ಶನಿವಾರ ಪ್ರದರ್ಶನದಲ್ಲಿ ಇಡೀ ದಿನ ಪಕ್ಕದಲ್ಲಿ ನಿಂತು ಬಂದವರಿಗೆಲ್ಲ ಇದನ್ನು ಹೇಳಬೇಕು. ಇಲ್ಲದಿದ್ದರೆ ನಮಗೆಲ್ಲ ಬಣ್ಣಗುರುಡು ಅಂದ್ಕೋತಾರೆ."

ಶನಿವಾರ ಮಧ್ಯಾಹ್ನ ಮಾಳವಿಕಾ ಬಂದಾಗ ಭಾರ್ಗವ ಇಬ್ಬರು ಅಜ್ಜಿಯರಿಗೆ ಅದನ್ನೇ ಹೇಳುತ್ತಿದ್ದ. ಕತೆಯಲ್ಲಿ ಅತ್ತೆ ಅಷ್ಟು ಹೊತ್ತಿಗೆ ಮಂತ್ರವಾದಿಯೇ ಆಗಿಬಿಟ್ಟಿದ್ದರು. ಅಜ್ಜಿಯರು ಹೋದ ಮೇಲೆ ಅವಳು ಹತ್ತಿರ ಬಂದಳು.

"ಮನೆಗೆ ನಾಲ್ಕು ಮಾತಾದ್ರೂ ಉಳಿಸಿದೀರಾ?"

ಉತ್ತರ ಕೊಡಲು ಬಾಯಿ ತೆರೆದ. ಬೆಳಗ್ಗಿನಿಂದ ಮಾತಾಡಿ ದನಿಯೇ ಹೋಗಿ, ಬರೀ ಗಾಳಿ ಬಂತು. ಅಷ್ಟರಲ್ಲಿ ಮುಂದಿನ ಸಂಸಾರವೊಂದು ಬಂದು ಚಾವಣಿಯತ್ತ ಬೆರಳು ತೋರಿಸಿತು.

ಮಾಳವಿಕಾ ಅವನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು. "ಬನ್ನಿ, ನಾನು ಹೇಳ್ತೀನಿ," ಎಂದು ಇಂಗ್ಲಿಷಿನಲ್ಲಿ ಶುರುಮಾಡಿದಳು. "ಮೊದಲನೇದಾಗಿ, ಇವರು ನನ್ನನ್ನ ಒಂದು ಮಾತೂ ಕೇಳಲಿಲ್ಲ."